ಕುರಿ ತುಳಿದು ಗಟ್ಟಿ ಮಾಡಿದ ಮೈದಾನ

ಕಾಲೇಜಿನಲ್ಲಿ ಆಟ ಕಲಿಸುವ ನೌಕರಿಗೆ ಹೊಸದಾಗಿ ಸೇರಿದವರು ನನಗೆ ಆಗಾಗ ಫೋನ್ ಮಾಡುತ್ತಾರೆ. ಉದಗೀರದಿಂದ, ನಿಲಂಗಾದಿಂದ, ಕೆಲವೊಮ್ಮೆ ಗಡಿಯಾಚೆ ಬೀದರ ಕಡೆಯಿಂದಲೂ. ಎಲ್ಲರದೂ ಒಂದೇ ರಾಗ: ಸರ್, ಹುಡುಗರಿದ್ದಾರೆ, ಉಮೇದಿ ಇದೆ, ರೊಕ್ಕ ಇಲ್ಲ. ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಇದನ್ನು ಹೇಳುತ್ತಾರೆ. ನನಗೋ, ಈ ಮಾತು ಕಿವಿಗೆ ಬಿದ್ದ ಕೂಡಲೇ ಮೈಯೆಲ್ಲ ಹುರುಪಾಗುತ್ತದೆ, ಕುರ್ಚಿ ಬಿಟ್ಟು ಎದ್ದು ನಿಂತುಬಿಡುತ್ತೇನೆ. ಅಯ್ಯಾ, ರೊಕ್ಕ ಇಲ್ಲದ್ದರಲ್ಲೇ ಈ ಕೆಲಸದ ಮಜಾ ಇರುವುದು! ರೊಕ್ಕ ಇದ್ದಿದ್ದರೆ ನನ್ನ ಇಡೀ ನೌಕರಿ ಸೀಟಿ ಊದುವುದರಲ್ಲೇ ಮುಗಿದುಹೋಗುತ್ತಿತ್ತು. ಮಹಾರಾಷ್ಟ್ರದ ಗಡಿಯ ಉಮರಗಾದ ಒಂದು ಕಾಲೇಜಿನಲ್ಲಿ ನಾನು ಕಳೆದ ದಿನಗಳನ್ನು ಬರೆಯಲು ಕುಳಿತದ್ದು ಆ ಹೊಸಬರಿಗಾಗಿ. ಬಡ್ತಿ ಯಾವಾಗ ಸಿಕ್ಕಿತು, ಯಾವ ಸಮಿತಿಯಲ್ಲಿ ಕುಳಿತಿದ್ದೆ ಎಂಬುದು ನನ್ನ ಹೆಂಡತಿಗೇ ಬೇಡವಾದ ವಿಷಯ. ಅದನ್ನು ಬಿಡುತ್ತೇನೆ.

ಮೊದಲು ರೊಕ್ಕದ ಮೂಲ ತಿಳಿದುಕೊಳ್ಳಿ. ಪ್ರವೇಶದ ಹೊತ್ತಿಗೆ ಪ್ರತಿ ವಿದ್ಯಾರ್ಥಿಯಿಂದ ಜಿಮಖಾನಾ ಶುಲ್ಕ ಎಂದು ಒಂದಿಷ್ಟು ತೆಗೆದುಕೊಳ್ಳುತ್ತಾರೆ. ಅದರಲ್ಲಿ ಒಂದು ಪಾಲು ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಉಳಿದದ್ದರಲ್ಲಿ ಚೆಂಡು, ಬಲೆ, ಅಂಗಿ, ಬಸ್ಸಿನ ಚಾರ್ಜು, ಹುಡುಗರ ಊಟ, ಮೈದಾನಕ್ಕೆ ಎಳೆಯುವ ಸುಣ್ಣ ಎಲ್ಲವೂ ಆಗಬೇಕು. ಸ್ಪರ್ಧೆ ಮುಗಿಸಿ ಬಂದ ಮೇಲೆ ವಿಶ್ವವಿದ್ಯಾಲಯ ಪ್ರಯಾಣದ ಭತ್ಯೆ ಕೊಡುತ್ತದೆ, ಆದರೆ ಹೋಗುವಾಗ ಬಸ್ಸಿನ ಕಂಡಕ್ಟರ ಅದನ್ನು ಕೇಳುವುದಿಲ್ಲ. ಸರ್ಕಾರದ ಅನುದಾನ ಬರುವುದುಂಟು. ಅದರದೊಂದು ಷರತ್ತು, ಮೊದಲು ಕೆಲಸ ಮಾಡಿ ತೋರಿಸಿ, ಆಮೇಲೆ ರೊಕ್ಕ ತೆಗೆದುಕೊಳ್ಳಿ ಎಂದು.

ಇಷ್ಟಾದ ಮೇಲೆ ಚೂರುಪಾರು ಉಳಿದರೆ ಅದನ್ನು ನುಂಗಲು ಗ್ಯಾದರಿಂಗ್ ಬಾಯಿ ತೆರೆದು ಕೂತಿರುತ್ತದೆ. ಗ್ಯಾದರಿಂಗ್ ಅಂದರೆ ನಮ್ಮ ಕಡೆ ಕಾಲೇಜಿನ ವಾರ್ಷಿಕೋತ್ಸವ. ಮಂಟಪ, ಧ್ವನಿವರ್ಧಕ, ಅತಿಥಿಗಳಿಗೆ ಶಾಲು, ತಲೆಗೆ ಫೇಟಾ, ಹಾರ. ನಮ್ಮ ಪ್ರಾಚಾರ್ಯರು ಸಸ್ಯಶಾಸ್ತ್ರದವರು, ಮೃದು ಮನುಷ್ಯ. ಅವರ ಸಮಸ್ಯೆ ಒಂದೇ, ಸಂಸ್ಥೆಯ ಅಧ್ಯಕ್ಷರ ಎದುರು ಅವರಿಗೆ ದನಿ ಹೊರಡುತ್ತಿರಲಿಲ್ಲ. ಅಧ್ಯಕ್ಷರು ಕಬ್ಬಿನ ದೊಡ್ಡ ಒಕ್ಕಲುತನದವರು. ಮಾತೆಲ್ಲ ಮರಾಠಿಯಲ್ಲಿ, ಕನ್ನಡ ಕೇಳಿದರೆ ತಿಳಿಯುತ್ತಿತ್ತು. ನಾನು ಅರ್ಜಿ ಹಿಡಿದು ಹೋದಾಗಲೆಲ್ಲ ಚಹಾ ಕುಡಿಸಿ, ಬೆನ್ನು ತಟ್ಟಿ, ಮುಂದಿನ ವರ್ಷ ನೋಡೋಣ ಎಂದು ಕಳಿಸುತ್ತಿದ್ದರು. ಆ ಮುಂದಿನ ವರ್ಷ ಬರುವಷ್ಟರಲ್ಲಿ ನನ್ನ ತಲೆ ನೆರೆತಿತ್ತು.

ಹೀಗಾಗಿ ನಾನು ಊರ ಮೇಲೆ ಬಿದ್ದೆ. ಆರಂಭದಲ್ಲೇ ಒಂದು ಫಜೀತಿ ಮಾಡಿಕೊಂಡೆ, ಅದನ್ನು ಹೇಳಲೇಬೇಕು. ನಮ್ಮ ಕಬಡ್ಡಿ ತಂಡಕ್ಕೆ ಅಂಗಿ ಇರಲಿಲ್ಲ. ಕಾಳುಕಡ್ಡಿಯ ಅಡತಿ ವ್ಯಾಪಾರಿಗಳ ಬಳಿ ಹೋದೆ. ಒಬ್ಬೊಬ್ಬರು ಒಂದೊಂದು ಅಂಗಿ ಕೊಡಲು ಒಪ್ಪಿದರು, ಬೆನ್ನ ಮೇಲೆ ತಮ್ಮ ಅಂಗಡಿಯ ಹೆಸರು ಇರಬೇಕೆಂದರು. ಅದಕ್ಕೇನಂತೆ ಎಂದು ನಾನೂ ಒಪ್ಪಿದೆ. ಉದಗೀರದಲ್ಲಿ ಪಂದ್ಯದ ದಿನ ನಮ್ಮ ಹುಡುಗರು ಅಂಕಣಕ್ಕೆ ಇಳಿದರೆ ಒಬ್ಬನ ಬೆನ್ನ ಮೇಲೆ ತೊಗರಿಬೇಳೆ, ಒಬ್ಬನ ಬೆನ್ನ ಮೇಲೆ ಬೀಜ ಗೊಬ್ಬರ, ಇನ್ನೊಬ್ಬನ ಬೆನ್ನ ಮೇಲೆ ಶುದ್ಧ ಕರಡಿ ಎಣ್ಣೆ, ಅಂದರೆ ಕುಸುಬಿಯದು. ಬಣ್ಣಗಳೂ ಬೇರೆ ಬೇರೆ. ಇದರಲ್ಲಿ ತಂಡ ಯಾವುದು ಎಂದು ಪಂಚರು, ಅಂದರೆ ತೀರ್ಪುಗಾರರು, ಕೇಳಿದರು. ನಮ್ಮ ಹುಡುಗ ದಾಳಿಗೆ ಹೋದರೆ ಜನ “ತೊಗರಿ ಬಂತು, ಹಿಡೀರಿ” ಎಂದು ಕೂಗಿ ನಗುತ್ತಿದ್ದರು. ಕೊನೆಗೆ ಎಲ್ಲರಿಗೂ ಅಂಗಿ ತಿರುವಿ ಹಾಕಿಸಿ ಆಡಿಸಿದೆ. ಸೋತೆವು. ಆದರೆ ಬಸ್ಸಿನಲ್ಲಿ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಇದರಿಂದ ನನಗೊಂದು ಬುದ್ಧಿ ಬಂತು. ವ್ಯಾಪಾರಿಯಿಂದ ರೊಕ್ಕ ಕೇಳಿದರೆ ಅವನು ಹೆಸರು ಕೇಳುತ್ತಾನೆ. ಕಾಳು ಕೇಳಿದರೆ ಏನೂ ಕೇಳುವುದಿಲ್ಲ. ಕೃಷಿ ಮಾರುಕಟ್ಟೆಯಲ್ಲಿ ಲಿಲಾವು, ಅಂದರೆ ಹರಾಜು, ಮುಗಿದ ರಾಶಿಯಿಂದ ಒಂದು ಬೊಗಸೆ ಧರ್ಮಕ್ಕೆಂದು ತೆಗೆದಿಡುವ ರೂಢಿ ಹಿಂದಿನಿಂದ ಇತ್ತು, ಗುಡಿಗೆ, ದರ್ಗಾಕ್ಕೆ, ಮಠಕ್ಕೆ ಎಂದು. ಚೀಲ ಹೊರುವ ಹಮಾಲರಲ್ಲಿ ಹಲವರ ಮಕ್ಕಳು ನಮ್ಮ ಕಾಲೇಜಿನಲ್ಲಿ ಆಡುತ್ತಿದ್ದರು. ಅವರನ್ನು ಹಿಡಿದು, ಇನ್ನೊಂದು ಬೊಗಸೆ ಆಟದ ಹುಡುಗರಿಗೂ ಹಾಕಿ ಎಂದೆ. ರೈತರಾಗಲಿ ವ್ಯಾಪಾರಿಗಳಾಗಲಿ ಬೇಡ ಎನ್ನಲಿಲ್ಲ. ಸುಗ್ಗಿಯಲ್ಲಿ ನಮ್ಮ ಹೆಸರಿನ ಚೀಲ ಅಲ್ಲಿ ತೂಗುತ್ತಿತ್ತು. ಜೋಳ ತುಂಬಿದರೆ ಜೋಳ, ಕಡಲೆ ತುಂಬಿದರೆ ಕಡಲೆ. ಓಟದ ಅಭ್ಯಾಸ ಮುಗಿಸಿ ಬಂದ ಹುಡುಗಿಯರಿಗೆ ನೆನೆಸಿದ ಕಡಲೆ ತಿನ್ನಲು ಕೊಡುತ್ತಿದ್ದೆ. ಈಗ ರೊಕ್ಕವೆಲ್ಲ ಫೋನಿನಲ್ಲೇ ಆಚೀಚೆ ಹೋಗುವುದರಿಂದ ಎಲ್ಲ ಕಡೆ ಕ್ಯೂಆರ್ ಕೋಡಿನ ಚೀಟಿ ಅಂಟಿಸುತ್ತಾರೆ, ಅದೂ ಒಳ್ಳೆಯದೇ. ಆದರೆ ಫೋನಿನೊಳಗೆ ಬೊಗಸೆ ಇರುವುದಿಲ್ಲ.

ಇನ್ನು ಮಾಯವ್ವನ ವಿಷಯಕ್ಕೆ ಬರುತ್ತೇನೆ. ಇದನ್ನು ನೆನೆದರೆ ಈಗಲೂ ನನಗೆ ಕೂತಲ್ಲಿ ಕೂಡಲು ಆಗುವುದಿಲ್ಲ.

ಮಾಯವ್ವ ಕಾಸಾರಶಿರಸಿ ಹತ್ತಿರದ ಕುರಿಗಾರರ ಹುಡುಗಿ. ಮನೆದೇವರು ಬೀರಪ್ಪ. ಉಮರಗಾದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಬಿ.ಎ. ಓದುತ್ತಿದ್ದಳು. ಮರಾಠಿ ಹಾಜರಿಯಲ್ಲಿ ಅವಳು ಮಾಯಾ. ನಾನು ಮಾತ್ರ ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದೆ, ಅವಳೂ ನನ್ನ ಹತ್ತಿರ ಕನ್ನಡದಲ್ಲೇ ಮಾತಾಡುತ್ತಿದ್ದಳು. ಬರಿಗಾಲಲ್ಲಿ ಓಡುತ್ತಿದ್ದಳು. ಎಷ್ಟು ದೂರ ಓಡಿದರೂ ಅವಳ ಭುಜ ಕುಸಿಯುತ್ತಿರಲಿಲ್ಲ. ಅಂಥ ಓಟಗಾರ್ತಿ ನನ್ನ ಕೈಗೆ ಅದಕ್ಕಿಂತ ಮುಂಚೆ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ. ಅದು ಅವಳ ಕೊನೆಯ ವರ್ಷ. ಅಂತರ ಕಾಲೇಜು ಕೂಟದಲ್ಲಿ ಗೆದ್ದರೆ ವಿಶ್ವವಿದ್ಯಾಲಯದ ತಂಡಕ್ಕೆ ಹೋಗುತ್ತಾಳೆ, ದೊಡ್ಡ ಊರು ನೋಡುತ್ತಾಳೆ, ಮುಂದೆ ನೌಕರಿಯ ದಾರಿಯೂ ಆಗುತ್ತದೆ. ಆದರೆ ಅವಳ ಅಪ್ಪ ಮಾಳಪ್ಪ ಪರವೂರಿಗೆ ರಾತ್ರಿ ವಸ್ತಿ ಕಳಿಸಲು ಒಪ್ಪುತ್ತಿರಲಿಲ್ಲ. ಹಾಗಾಗಿ ಹಿಂದಿನ ವರ್ಷಗಳ ಕೂಟ ಅವಳಿಗೆ ತಪ್ಪಿಹೋಗಿತ್ತು.

ಆ ವರ್ಷ ಕೂಟವನ್ನೇ ಉಮರಗಾಕ್ಕೆ ತರುತ್ತೇನೆಂದು ನಾನು ಹಟ ಹಿಡಿದೆ. ವಿಶ್ವವಿದ್ಯಾಲಯ ಒಪ್ಪಿತು, ಓಟದ ಪಥ ಸರಿಯಾಗಿರಬೇಕು, ನಾವು ಬಂದು ನೋಡುತ್ತೇವೆ ಎಂದಿತು. ನಮ್ಮದು ಎರೆ ನೆಲ. ಬಿಸಿಲಲ್ಲಿ ಬಿರುಕು ಬಿಟ್ಟು ಕಾಲು ಸಿಕ್ಕುತ್ತದೆ, ಮಳೆಯಲ್ಲಿ ಚಪ್ಪಲಿ ಉಳಿಸಿಕೊಳ್ಳುತ್ತದೆ. ಮೇಲೆ ಕೆಂಪು ಗರಸು ಹಾಕಿ, ನೀರು ಹೊಡೆದು, ರೋಲರಿನಿಂದ ಗಟ್ಟಿ ಮಾಡಬೇಕು. ಕಬ್ಬು ಸಾಗಿಸುವ ಟ್ರ್ಯಾಕ್ಟರಿನವರ ಕೈಕಾಲು ಹಿಡಿದು, ಹಂಗಾಮು ಶುರುವಾಗುವ ಮುಂಚೆ ಗರಸು ತರಿಸಿದೆ. ಆಟದ ಹುಡುಗ ಹುಡುಗಿಯರೇ ಬುಟ್ಟಿಯಲ್ಲಿ ಹೊತ್ತು ಹರಡಿದರು. ಇನ್ನು ರೋಲರು ಬರಬೇಕಿತ್ತು. ಬಾಡಿಗೆಗೆ ರೊಕ್ಕ ಕೇಳಿದರೆ ಅಧ್ಯಕ್ಷರು ಚಹಾ ಕುಡಿಸಿದರು. ಪುಕ್ಕಟೆ ಕೊಡುತ್ತೇನೆಂದಿದ್ದ ರಸ್ತೆ ಗುತ್ತಿಗೆದಾರ, ಯಾರೋ ಮಂತ್ರಿಗಳು ಬರುವ ರಸ್ತೆಗೆಂದು ರೋಲರನ್ನು ಅತ್ತ ಒಯ್ದ. ನೋಡಲು ಬರುವವರ ದಿನ ಹತ್ತಿರವಾಗಿತ್ತು, ಗರಸು ಅಳ್ಳಕವಾಗಿ ಬಿದ್ದಿತ್ತು.

ಅಂಥ ಹೊತ್ತಿಗೆ ಮಾಳಪ್ಪ ಹಿಂಡು ಹೊಡೆದುಕೊಂಡು ನೇರ ಕಾಲೇಜಿಗೇ ಬಂದ. ಹೆಂಡತಿ ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದಾಳೆ, ಮುಂಗಾರಿ ಪೀಕು ತೆಗೆದ ಹೊಲಗಳತ್ತ ಹಿಂಡು ಹೊರಟಿದೆ, ಹಿಂದೆ ನಡೆಯಲು ಆಳಿಲ್ಲ, ಮಗಳನ್ನು ಕರೆದೊಯ್ಯುತ್ತೇನೆ ಎಂದ. ಮಾಯವ್ವ ತಲೆ ತಗ್ಗಿಸಿ ನಿಂತಿದ್ದಳು. ಒಂದು ರಾತ್ರಿ ತಡಿ ಮಾರಾಯ ಎಂದು ಅಂಗಲಾಚಿದೆ. ಅವನು ಮೈದಾನದ ಆಚೆ ಬೇವಿನ ಮರಗಳ ಕೆಳಗೆ ಬಿಡಾರ ಹೂಡಿದ.

ಮರುದಿನ ಬೆಳಿಗ್ಗೆ ಮೈದಾನಕ್ಕೆ ಹೋದವನು ಹಾಗೇ ನಿಂತೆ. ಹಿಂಡು ನಡೆದುಹೋದ ಕಡೆ ಗರಸು ಅಚ್ಚುಕಟ್ಟಾಗಿ ಕೂತುಬಿಟ್ಟಿತ್ತು. ಹಿಮ್ಮಡಿಯಿಂದ ಒತ್ತಿದೆ, ಇಳಿಯಲಿಲ್ಲ. ಕುಣಿದು ನೋಡಿದೆ, ಇಳಿಯಲಿಲ್ಲ. ನಾನು ಒಬ್ಬನೇ ಅಲ್ಲಿ ಹುಚ್ಚನ ಹಾಗೆ ಕುಣಿಯುವುದನ್ನು ನೋಡಿ ಮಾಳಪ್ಪ ಎದ್ದು ಬಂದ.

ನಮ್ಮ ಭಾಗದಲ್ಲಿ ಒಂದು ಪದ್ಧತಿ ಇದೆ. ಕುರಿಗಾರರು ರಾತ್ರಿ ಯಾರ ಹೊಲದಲ್ಲಿ ಹಿಂಡು ಕೂಡ್ರಿಸುತ್ತಾರೋ ಆ ಹೊಲದವರು ಜೋಳ ಕೊಡಬೇಕು. ಹಿಕ್ಕಿ, ಉಚ್ಚೆ ಎಲ್ಲ ಆ ಹೊಲಕ್ಕೆ ಗೊಬ್ಬರ. ಜೋಳ ಯಾರು ಕೊಟ್ಟರೋ ಗೊಬ್ಬರ ಅವರದು. ಇದರಲ್ಲಿ ಬಾಯಿ ಮಾತೇ ಕರಾರು. ನಾನು ಮಾಳಪ್ಪನಿಗೆ, ಕೂಟ ಮುಗಿಯುವವರೆಗೆ ನಮ್ಮ ಮೈದಾನದಲ್ಲೇ ಕುರಿ ಕೂಡ್ರಿಸು, ಪದ್ಧತಿ ಪ್ರಕಾರ ಜೋಳ ಕೊಡುತ್ತೇನೆ ಎಂದೆ. ಮಾರುಕಟ್ಟೆಯ ಚೀಲದಲ್ಲಿ ಜೋಳ ಇತ್ತಲ್ಲ!

“ಜ್ವಾಳ ಕೊಟ್ರ ಎಲ್ಲಾದ್ರೂ ಕೂಡ್ರಸ್ತೀವ್ರಿ ಸರ,” ಎಂದ ಮಾಳಪ್ಪ. “ಖರೇ ಆಟದ ಬಯಲಿಗಿ ಗೊಬ್ಬರ ಯಾಕ ಬೇಕರಿ? ಏನ್ ಬಿತ್ತವರು ನೀವು?”

ಬಿತ್ತುವುದು ಏನೂ ಇಲ್ಲ, ತುಳಿಸುವುದಿದೆ ಎಂದು ವಿವರಿಸಿದೆ. ಅವನು ಮಗಳ ಮುಖ ನೋಡಿದ. ಅವಳ ಮುಖದ ತುಂಬ ಬೇಡಿಕೆ ಇತ್ತು. ಆಗಲಿ ಎಂದ.

ಮೊದಲ ದಿನ ನನ್ನ ಉತ್ಸಾಹವೇ ನನಗೆ ಮುಳುವಾಯಿತು. ಗರಸು ಚೆನ್ನಾಗಿ ಕೂರಲಿ ಎಂದು ಟ್ಯಾಂಕರ್ ನೀರನ್ನು ಧಾರಾಳವಾಗಿ ಹೊಡೆಸಿದೆ. ಕುರಿಗಳು ಕೆಸರಿನ ಅಂಚಿಗೆ ಬಂದು ನಿಂತವು. ಒಂದೂ ಕಾಲಿಡಲಿಲ್ಲ. ನಾನು ಹಿಂದಿನಿಂದ ಸೀಟಿ ಊದಿದೆ. ಅಷ್ಟೇ ಸಾಕಾಯಿತು, ಇಡೀ ಹಿಂಡು ಬೆದರಿ ಕಟ್ಟಡದತ್ತ ನುಗ್ಗಿತು. ವರಾಂಡದಲ್ಲಿ ಕುರಿ, ಗ್ರಂಥಾಲಯದ ಬಾಗಿಲಲ್ಲಿ ಕುರಿ. ಪ್ರಾಚಾರ್ಯರು ಪ್ರೀತಿಯಿಂದ ಸಾಕಿದ್ದ ಕುಂಡದ ಗಿಡಗಳನ್ನೆಲ್ಲ ಕ್ಷಣದಲ್ಲಿ ಮೇದು ಮುಗಿಸಿದವು. ಸಸ್ಯಶಾಸ್ತ್ರದ ಆ ಸಜ್ಜನ ಬಾಗಿಲಲ್ಲಿ ನಿಂತು ಒಂದೊಂದು ಗಿಡದ ಹೆಸರನ್ನೂ ಶಾಸ್ತ್ರೀಯವಾಗಿ ಹೇಳಿ ಹೇಳಿ ಸಂಕಟಪಟ್ಟರು. ಮಾಳಪ್ಪ ನನ್ನ ಕೊರಳಿನ ಸೀಟಿ ತೆಗೆಸಿ ತನ್ನ ಜೇಬಿಗೆ ಹಾಕಿಕೊಂಡ.

ಮರುದಿನದಿಂದ ನೀರು ಚಿಮುಕಿಸಿ, ಮೇಲ್ಪದರ ಆರಲು ಬಿಟ್ಟು, ಆಮೇಲೆ ಕುರಿ ಇಳಿಸಿದೆವು. ಓಟದ ಹುಡುಗಿಯರು ಪಥದ ಎರಡೂ ಅಂಚಿಗೆ ಹಗ್ಗ ಹಿಡಿದು ನಿಂತರು. ಮಾಯವ್ವ ಒಂದು ಸಿವುಡು ಜಾಲಿ ಸೊಪ್ಪು ಹಿಡಿದು ಮುಂದೆ ನಡೆದಳು, ಹಿಂಡು ಹಿಂದೆ ಬಂತು. ಅವಳು ನಿಧಾನ ಓಡಿದಳು, ಹಿಂಡೂ ಓಡಿತು. ಅವಳು ಜೋರು ಮಾಡಿದಳು, ಹಿಂಡೂ ಜೋರು ಮಾಡಿತು! ಸಂಜೆ ಬಿಸಿಲಲ್ಲಿ ಕೆಂಪು ಧೂಳಿನ ನಡುವೆ ಅವಳ ಜಡೆ, ಹಿಂದೆ ಕರಿ ಬಿಳಿ ಬೆನ್ನುಗಳು. ನಮ್ಮ ಪಥದಲ್ಲಿ ಮೊದಲು ಓಡಿದವಳು ಅವಳೇ. ಊರ ಜನ ಗೋಡೆ ಹತ್ತಿ ಕೂತು ನೋಡಿದರು. ಸಂಜೆ ಮತ್ತು ನಸುಕಿನಲ್ಲಿ ಹೀಗೆ ತುಳಿಸುವುದು, ಹಗಲು ಕುರಿ ಹೊರಗೆ ಮೇಯುವುದು, ರಾತ್ರಿ ಮೈದಾನದ ನಡುವೆ ಮಲಗುವುದು. ದಿನ ಹೋದಂತೆ ಪಥ ಕಲ್ಲಿನಂತಾಯಿತು.

ಜೊತೆಗೆ ಹಿಕ್ಕಿಯ ಗುಡ್ಡೆಯೂ ಬೆಳೆಯಿತು. ಗುಡಿಸಿ ಗುಡಿಸಿ ಗೇಟಿನ ಹತ್ತಿರ ಒಟ್ಟುತ್ತಿದ್ದೆವು. ಇದನ್ನೆಲ್ಲ ಕೇಳಿ ಅಧ್ಯಕ್ಷರು ಜೀಪಿನಲ್ಲಿ ಬಂದರು. ಇದು ಕಾಲೇಜೋ ಕುರಿದಡ್ಡಿಯೋ ಎಂದು ನನ್ನ ಮೇಲೆ ಹಾಯ್ದರು. ಬೈಯುತ್ತ ಬೈಯುತ್ತ ಅವರ ಕಣ್ಣು ಗುಡ್ಡೆಯ ಮೇಲೆ ಹೋಯಿತು. ಬಗ್ಗಿ ಒಂದು ಹಿಡಿ ತೆಗೆದುಕೊಂಡು, ಬೆರಳಲ್ಲಿ ಪುಡಿ ಮಾಡಿ, ಮೂಸಿ ನೋಡಿದರು. ಅವರೊಳಗಿನ ಅಧ್ಯಕ್ಷರು ಹೋಗಿ ಒಕ್ಕಲಿಗ ಬಂದ. ಇದರ ಬೆಲೆ ಏನು ಎಂದು ಸಣ್ಣ ದನಿಯಲ್ಲಿ ಕೇಳಿದರು.

ಅಲ್ಲೇ ನಿಲಂಗಾ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರ ಮಗನ ಪರೀಕ್ಷೆ ಶುಲ್ಕದ ಕೆಲಸಕ್ಕೆ ಬಂದಿದ್ದ. ಅವನೂ ಗುಡ್ಡೆ ನೋಡಿದ್ದ. ನಾನು ತಡ ಮಾಡಲಿಲ್ಲ. ಸಾರ್ವಜನಿಕ ಸಂಸ್ಥೆಯ ಮಾಲು, ಲಿಲಾವು ಮಾಡಬೇಕಾಗುತ್ತದೆ ಎಂದುಬಿಟ್ಟೆ. ಹಮಾಲರು, ಹುಡುಗರು, ಚಹಾದಂಗಡಿಯವರು ಎಲ್ಲ ಸೇರಿದರು. ದ್ರಾಕ್ಷಿಯವನು ಒಂದು ಮಾತು ಹೇಳಿದರೆ ಅಧ್ಯಕ್ಷರು ಎರಡು ಹೇಳುವುದು. ನಾಲ್ಕು ಜನರ ಎದುರು ಹಿಂದೆ ಸರಿಯುವುದು ಅವರ ಜಾಯಮಾನದಲ್ಲಿ ಇರಲಿಲ್ಲ. ಪ್ರಾಚಾರ್ಯರು ಬೆವರು ಒರೆಸಿಕೊಳ್ಳುತ್ತಿದ್ದರು, ನಾನು ಒಳಗೊಳಗೇ ಕುಪ್ಪಳಿಸುತ್ತಿದ್ದೆ. ಕೊನೆಗೆ ಗುಡ್ಡೆ ಅಧ್ಯಕ್ಷರಿಗೇ ಬಿತ್ತು. ಓಟಕ್ಕೆಂದು ಒಂದು ಪೈಸೆ ಬಿಚ್ಚದವರು ಹಿಕ್ಕಿಗೆ ಕೊಟ್ಟ ರೊಕ್ಕದಲ್ಲಿ ಸುಣ್ಣ ಬಂತು, ಪರವೂರ ತಂಡಗಳ ಊಟಕ್ಕೆ ಎಣ್ಣೆ ಬೇಳೆ ಬಂತು, ಪಂಚರ ಚಹಾಪಾನವೂ ನಡೆಯಿತು. ಪಾವತಿ ಚೀಟಿಯಲ್ಲಿ ಏನು ಬರೆಯಬೇಕೆಂದು ಕಾರಕೂನ ಕೇಳಿದ. ಕ್ರೀಡಾಂಗಣದ ಉತ್ಪನ್ನ ಎಂದು ಬರೆಸಿದೆ.

ವಿಶ್ವವಿದ್ಯಾಲಯದ ಅಧಿಕಾರಿ ಬಂದು ಪಥದ ಮೇಲೆ ನಡೆದರು. ಬೂಟಿನ ಹಿಮ್ಮಡಿಯಿಂದ ಕುಟ್ಟಿ ನೋಡಿ, ಒಳ್ಳೆಯ ರೋಲರು ಹೊಡೆಸಿದ್ದೀರಿ, ಯಾರದು ಎಂದರು. ನಮ್ಮ ವಿದ್ಯಾರ್ಥಿನಿಯೊಬ್ಬಳ ಮನೆಯದು ಎಂದೆ. ಅವರು ಗಾಳಿಯನ್ನು ಎರಡು ಸಲ ಮೂಸಿದರು, ಮುಂದೆ ಕೇಳಲಿಲ್ಲ.

ಕೂಟದ ದಿನ ಐದು ಸಾವಿರ ಮೀಟರ್ ಓಟ ಮಧ್ಯಾಹ್ನ ಇಳಿದ ಮೇಲೆ ಇತ್ತು. ಮಾಳಪ್ಪ ಕಂಬಳಿ ಹೊದ್ದು ನನ್ನ ಪಕ್ಕ ನಿಂತಿದ್ದ. ಓಟದ ಸ್ಪರ್ಧೆ ಅವನು ನೋಡಿದ್ದೇ ಅದು ಮೊದಲು. ಒಂದು ಸುತ್ತು ಮುಗಿಯುತ್ತಿದ್ದಂತೆ ಮುಗೀತೇನ್ರಿ ಎಂದ. ಇಲ್ಲ ಎಂದೆ. ಇನ್ನೊಂದು ಸುತ್ತಾಯಿತು, ಮತ್ತೆ ಅದನ್ನೇ ಕೇಳಿದ. ಮುಂದೆ ಓಡುತ್ತಿದ್ದವಳು ದೊಡ್ಡ ಕಾಲೇಜಿನ ಎತ್ತರದ ಹುಡುಗಿ, ಕಾಲಲ್ಲಿ ಮೊಳೆಬೂಟು. ನಮ್ಮವಳು ಬರಿಗಾಲಲ್ಲಿ ಅವಳ ಹಿಂದೆ, ಒಂದೇ ಅಂತರದಲ್ಲಿ. ಜನ ಕೂಗುತ್ತಿದ್ದರು, ನನಗೆ ದನಿ ಬಿದ್ದುಹೋಗಿತ್ತು. ಕೊನೆಯ ಸುತ್ತಿನ ಗಂಟೆ ಹೊಡೆದಾಗ, ಈಗ ಮುಗಿಯುತ್ತದೆ ನೋಡು ಎಂದು ಮಾಳಪ್ಪನಿಗೆ ಹೇಳಿದೆ.

ಮಾಳಪ್ಪ ಬಾಯಿಗೆ ಎರಡೂ ಕೈ ಹಿಡಿದು, ಚದುರಿದ ಹಿಂಡನ್ನು ಕರೆಯುವ ಹಾಗೆ, ಉದ್ದಕ್ಕೆ ಒಂದು ಕೂಗು ಹಾಕಿದ. ಇಡೀ ಮೈದಾನ ಅವನತ್ತ ತಿರುಗಿತು. ಮಾಯವ್ವ ತಿರುಗಲಿಲ್ಲ, ಹೆಜ್ಜೆ ಚಾಚಿದಳು. ತಿರುವಿನಲ್ಲಿ ಆ ಎತ್ತರದ ಹುಡುಗಿಯ ಪಕ್ಕ ಬಂದಳು, ದಾಟಿದಳು, ದಾಟಿ ಬಂದೇಬಿಟ್ಟಳು! ನಾನು ಪ್ರಾಚಾರ್ಯರನ್ನು ಎತ್ತಿಕೊಂಡು ಕುಣಿದೆನಂತೆ. ನನಗೆ ನೆನಪಿಲ್ಲ, ಅವರಿಗೆ ಚೆನ್ನಾಗಿ ನೆನಪಿದೆ.

ಆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಅಧಿಕಾರಿ ಬಂದು, ಹುಡುಗಿ ವಿಶ್ವವಿದ್ಯಾಲಯ ತಂಡದಲ್ಲಿದ್ದಾಳೆ, ಒಂದು ತಿಂಗಳು ಶಿಬಿರಕ್ಕೆ ಬರಬೇಕು, ಊಟ ವಸತಿ ನಮ್ಮದು, ಬೂಟು ಕಾಲೇಜಿನದು ಎಂದರು. ನಾನು ಪ್ರಾಚಾರ್ಯರ ಮುಖ ನೋಡಿದೆ, ಅವರು ಅಧ್ಯಕ್ಷರ ಮುಖ ನೋಡಿದರು. ಹಾರ ಹಾಕಲು ಬಂದಿದ್ದ ಅಧ್ಯಕ್ಷರು, ಈ ವರ್ಷದ ರೊಕ್ಕದ ತರತೂದು ಮುಗಿದಿದೆ, ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ ಮಾಯವ್ವ ಕಾಲೇಜಿನಲ್ಲೇ ಇರುವುದಿಲ್ಲ. ಅದೂ ಹೋಗಲಿ, ಬೆಳಗಾದರೆ ಹಿಂಡು ಹೊರಡುವುದಿತ್ತು. ಗೆದ್ದ ಹುಡುಗಿ ಕುರಿ ಹಿಂದೆ ಹೋಗುತ್ತಾಳಲ್ಲ!

ಹಾರ ಹಾಕಿ, ಫೋಟೋ ತೆಗೆಸಿಕೊಂಡು ಅಧ್ಯಕ್ಷರು ಮಾಳಪ್ಪನ ಹೆಗಲ ಮೇಲೆ ಕೈ ಹಾಕಿದರು. ನನ್ನ ಕಬ್ಬು ಕಡಿದ ಹೊಲ ಖಾಲಿ ಇದೆ, ಹಿಂಡು ಅಲ್ಲಿ ಕೂಡ್ರಿಸು, ಕೇಳಿದಷ್ಟು ಜೋಳ ಕೊಡುತ್ತೇನೆ ಎಂದರು. ಹಿಕ್ಕಿಯ ರುಚಿ ಹತ್ತಿತ್ತು ಅವರಿಗೆ.

ಪರವೂರಿಗೆ ವಸ್ತಿ ಬೇಡ ಎನ್ನುತ್ತಿದ್ದ ಮಾಳಪ್ಪನೇ ಮಗಳ ಓಟ ನೋಡಿ ಕರಗಿದ್ದ. ಬೂಟಿನ ಮಾತು ಅವನ ಕಿವಿಗೂ ಬಿದ್ದಿತ್ತು.

“ಕೂಡ್ರಸ್ತೀನ್ರಿ ಸಾಹೇಬ್ರ. ಅಕಿ ಶಿಬಿರ ಮುಗಿಸಿ ಬರೂತನ ಅಲ್ಲೇ ಕೂಡ್ರಸ್ತೀನಿ. ಅಕಿ ಜಾಗಾಕ ಒಬ್ಬ ಆಳು ಕೊಡ್ರಿ. ಜ್ವಾಳ ನನಗ ಬ್ಯಾಡ. ಬೂಟು ಕೊಡಸ್ರಿ.”

ಸುತ್ತ ನಿಂತವರು ಹತ್ತಿರ ಸರಿದರು. ಅಧ್ಯಕ್ಷರು, ಆಯಿತು, ಒಂದು ಜೋಡು ತಾನೇ ಎಂದು ನಕ್ಕರು.

“ಒಂದ ಜೋಡ ಅಲ್ರಿ,” ಎಂದ ಮಾಳಪ್ಪ. “ಹಗ್ಗ ಹಿಡದ ಹುಡುಗ್ಯಾರು ಅಷ್ಟೂ ಮಂದಿಗಿ. ಅಕಿ ಒಬ್ಬಾಕಿ ಕಾಲಾಗ ಬೂಟು ಹಾಕಿ, ಉಳದೋರ ಮಾರಿ ಹ್ಯಾಂಗ ನೋಡ್ಲಿ ನಾ?”

ಅಧ್ಯಕ್ಷರು ಜನರನ್ನು ನೋಡಿದರು. ಜನ ಅಧ್ಯಕ್ಷರನ್ನು ನೋಡುತ್ತಿದ್ದರು. ಹೂಂ ಎಂದರು. ಚಹಾದ ಮೇಲೆ ಚಹಾ ಕುಡಿದು ನಾನು ತರಲಾರದ ಆ ಒಂದು ಹೂಂ ಕೇಳಿ ನನಗೆ ಅಳು ಬಂತು, ಅಲ್ಲೇ ಎಲ್ಲರ ಎದುರು ಅತ್ತೆ.

ಮಾಯವ್ವ ಮೆಲ್ಲಗೆ ನನ್ನ ಹತ್ತಿರ ಬಂದು, “ಸರ, ನನ್ನ ಕಾಲಿನ ನಂಬರ್ ಎಷ್ಟಂತ ನನಗ ಗೊತ್ತಿಲ್ರಿ,” ಎಂದಳು. ಬೂಟು ಹಾಕಿದ್ದರಲ್ಲವೇ ಗೊತ್ತಾಗುವುದು! ಕಾರಕೂನನಿಂದ ದೊಡ್ಡ ಕಾಗದ ತರಿಸಿ ಪಥದ ಮೇಲೆ ಹಾಸಿದೆ. ಅವಳು ಕೆಂಪು ಧೂಳಿನ ಪಾದವನ್ನು ಅದರ ಮೇಲೆ ಇಟ್ಟಳು, ನಾನು ಮೊಣಕಾಲೂರಿ ಸುತ್ತ ಪೆನ್ಸಿಲ್ ಎಳೆಯತೊಡಗಿದೆ. ಅವಳ ಹಿಂದೆ ಉಳಿದ ಹುಡುಗಿಯರು ಸಾಲಾಗಿ ನಿಂತರು. ಗಾಳಿಗೆ ಕಾಗದ ಏಳುತ್ತಿತ್ತು. ಅಧ್ಯಕ್ಷರು ಬಗ್ಗಿ ಅದರ ತುದಿ ಹಿಡಿದುಕೊಂಡರು.